ಅರ್ಧ ಚಿಪ್ಪು ಯಾರಿಗೂ ಬೇಡ

ಸನ್ಯಾಸಿ ಏಡಿಯ ಮುಂಭಾಗ ಗಟ್ಟಿ, ಹಿಂಭಾಗ ಮಾತ್ರ ಮೆತ್ತಗೆ, ಸುರುಳಿ. ಅದನ್ನು ಮುಚ್ಚಿಕೊಳ್ಳಲು ಸತ್ತ ಶಂಖದ ಹುಳುವಿನ ಚಿಪ್ಪು ಬೇಕು. ಮೈ ಬೆಳೆದಂತೆಲ್ಲ ಇನ್ನೂ ದೊಡ್ಡದು ಬೇಕು. ಅಕ್ಕಿಯಾದರೆ ಅರ್ಧ ಸೇರು ಹೆಚ್ಚುಕಡಿಮೆ ಮಾಡಿ ಹೊಂದಿಸಬಹುದು. ಚಿಪ್ಪು ಇಡಿಯಾಗಿಯೇ ಸಿಗಬೇಕು.

ಬೆಲೀಜ್ ಕರಾವಳಿಯಲ್ಲಿ ರಾಂಡಿ ರೋಟ್ಜನ್ ಮತ್ತು ಸಂಗಡಿಗರು ನೆಲದ ಸನ್ಯಾಸಿ ಏಡಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ವಿವರ ಸೊಗಸಾಗಿದೆ. ಖಾಲಿ ಚಿಪ್ಪು ಕಂಡ ಏಡಿ, ಅದು ತನಗೆ ತೀರ ದೊಡ್ಡದಾದರೆ, ಪಕ್ಕದಲ್ಲೇ ಕಾಯುತ್ತದೆ. ಇನ್ನಷ್ಟು ಏಡಿಗಳು ಸೇರುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ, ಒಂದನ್ನೊಂದು ಹಿಡಿದುಕೊಂಡು ಸಾಲು ನಿಲ್ಲುತ್ತವೆ. ಸರಿಯಾದ ಗಾತ್ರದ ಏಡಿ ಬಂದು ಒಳಹೊಕ್ಕಿತೋ, ಅದು ಬಿಟ್ಟ ಚಿಪ್ಪಿಗೆ ಮುಂದಿನದು, ಅದರದಕ್ಕೆ ಮತ್ತೊಂದು. ಸಾಲಿನುದ್ದಕ್ಕೂ ಚಕಚಕನೆ ಗೃಹಪ್ರವೇಶ! ಯಾವಾಗಲೂ ಇಷ್ಟು ಸಭ್ಯತೆ ಇರುತ್ತದೆಂದಲ್ಲ; ಜಗಳವಾಡಿ ಕಿತ್ತುಕೊಳ್ಳುವುದೂ ಉಂಟು.

ಖಾಲಿ ಮನೆಯೇ ಇಲ್ಲದಿದ್ದರೆ? 1974ರಲ್ಲಿ ಲಾಯ್ಡ್ ಶಾಪ್ಲಿ, ಹರ್ಬರ್ಟ್ ಸ್ಕಾರ್ಫ್ ಇಂಥದೊಂದು ಸಂತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ಒಬ್ಬೊಬ್ಬರಿಗೂ ಒಂದೊಂದು ಮನೆ, ಕಣ್ಣು ಮಾತ್ರ ಪರರ ಮನೆಯ ಮೇಲೆ. ಡೇವಿಡ್ ಗೇಲ್ ಕೊಟ್ಟ ಉಪಾಯ ಸರಳ: ಪ್ರತಿಯೊಬ್ಬರೂ ತಮಗೆ ಅತಿ ಇಷ್ಟವಾದ ಮನೆಯ ಒಡೆಯನತ್ತ ಬೆರಳು ತೋರಲಿ. ಬೆರಳಿನ ಜಾಡು ಹಿಡಿದು ಹೋದರೆ ಎಲ್ಲೋ ಒಂದು ಕಡೆ ಸುತ್ತು ಕೂಡಲೇಬೇಕು, ಏಕೆಂದರೆ ಜನ ಮುಗಿಯುತ್ತಾರೆ. ಆ ಸುತ್ತಿನವರು ಮನೆ ಬದಲಿಸಿಕೊಂಡು ಹೊರಡಲಿ, ಉಳಿದವರು ಮತ್ತೆ ಬೆರಳೆತ್ತಲಿ. ಮೊದಲ ಸುತ್ತಿನ ಮನೆಗಳಿಗೆ ಹೆಚ್ಚು ಬೆಲೆ, ನಂತರದವಕ್ಕೆ ಕಡಿಮೆ ಎಂದಿಟ್ಟರೆ, ತನ್ನ ಮನೆ ಮಾರಿದ ಹಣಕ್ಕೆ ಸಿಗಬಹುದಾದ ಅತ್ಯುತ್ತಮ ಮನೆಯೇ ಪ್ರತಿಯೊಬ್ಬರಿಗೂ ಸಿಕ್ಕಿರುತ್ತದೆ. ಕತ್ತರಿಸಲಾಗದ ಸರಕಿಗೂ ಮಾರುಕಟ್ಟೆ ಸಮತೋಲಕ್ಕೆ ಬಂತು. ಮೂತ್ರಪಿಂಡ ದಾನಿಗಳ ಅದಲುಬದಲಿಗೂ ಮುಂದೆ ಇದೇ ಲೆಕ್ಕ ನೆರವಾಯಿತು.

ಎಲ್ಲರಿಗೂ ಒಂದೇ ಸಾಕು ಎಂಬುದರಲ್ಲಿದೆ ಗುಟ್ಟು. ಅಕ್ಕಪಕ್ಕದ ಎರಡು ಸೈಟುಗಳಿವೆ ಎನ್ನಿ. ಒಬ್ಬನಿಗೆ ಎರಡೂ ಸೇರಿದರೆ 30 ಲಕ್ಷದ ಮಾಲು, ಒಂದೇ ಆದರೆ ದಂಡ. ಇನ್ನೊಬ್ಬಳು ಯಾವುದಾದರೂ ಒಂದಕ್ಕೆ 20 ಲಕ್ಷದವರೆಗೆ ಕೊಟ್ಟಾಳು. ಆಕೆ ಕೈಬಿಡಬೇಕಾದರೆ ಎರಡಕ್ಕೂ 20, 20 ಆಗಬೇಕು. ಒಟ್ಟು 40ಕ್ಕೆ ಆತ ಕೊಳ್ಳುವುದಿಲ್ಲ. ಆಕೆಗೊಂದು ಕೊಟ್ಟರೆ ಇನ್ನೊಂದನ್ನು ಕೇಳುವವರಿಲ್ಲದೆ ಬೆಲೆ ಸೊನ್ನೆ. ಆಗ ಜೋಡಿಗೆ 20 ಮೀರದು, ಆತ ಎರಡಕ್ಕೂ ಕೈಚಾಚುತ್ತಾನೆ. ಯಾವ ಬೆಲೆ ಹಚ್ಚಿದರೂ ಲೆಕ್ಕ ಕೂಡದು. ಮೊಬೈಲ್ ತರಂಗಾಂತರ ಹರಾಜಿನಲ್ಲೂ ಇದೇ ಪೇಚು. ಅದಕ್ಕೇ ಕೆಲವು ದೇಶಗಳು ಬಿಡಿಬಿಡಿಯಾಗಿ ಅಲ್ಲದೆ ಗಂಟಾಗಿಯೂ ಬೆಲೆ ಕೂಗಲು ಕಂಪನಿಗಳಿಗೆ ಅವಕಾಶ ಕೊಟ್ಟಿವೆ.