ನಲ್ಲಿ ಏಕೆ ಒದೆಯುತ್ತದೆ?

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಹೋಗಿದ್ದೆವು. ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರೆಂದು ಜನ ನೆನೆಯುವ ಕೆರೆಗಳ ಬಗ್ಗೆ ಹಿರಿಯರೊಬ್ಬರು ತಮ್ಮ ಮನೆಯಲ್ಲಿ ಕುಳಿತು ಮಾತನಾಡುತ್ತಿದ್ದರು. ಒಳಗೆ ಯಾರೋ ನಲ್ಲಿ ನಿಲ್ಲಿಸಿದರು. ಗೋಡೆಯೊಳಗೆ ‘ದಬ್’ ಎಂದು ಸದ್ದಾಯಿತು. ಧ್ವನಿಗ್ರಹಣ ನಿಲ್ಲಿಸಬೇಕಾಯಿತು. “ಏನಿಲ್ಲ ಸಾರ್, ನಮ್ಮನೆ ನಲ್ಲಿ ಒದೀತೈತೆ” ಎಂದು ಮನೆಯೊಡತಿ ನಕ್ಕರು.

ಒದೆಯುವುದು ನಲ್ಲಿಯಲ್ಲ, ನೀರು. ಓಡುವ ನೀರನ್ನು ಥಟ್ಟನೆ ತಡೆದರೆ ಅದರ ವೇಗವೆಲ್ಲ ಒತ್ತಡವಾಗಿ ಕೊಳವೆಯುದ್ದಕ್ಕೂ ಅಲೆಯಂತೆ ಹಿಂದಕ್ಕೆ ಬಡಿಯುತ್ತದೆ. ರಷ್ಯಾದ ವಿಜ್ಞಾನಿ ಝುಕೋವ್‌ಸ್ಕಿ 1898ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಕಬ್ಬಿಣದ ಕೊಳವೆಯಲ್ಲಿ ಕ್ಷಣಾರ್ಧದಲ್ಲಿ ನಿಂತರೆ, ಒತ್ತಡವು ಸುಮಾರು 120 ಮೀಟರ್ ಎತ್ತರದ ನೀರಿನ ಒತ್ತಡದಷ್ಟು ಏರಬಲ್ಲದು. ಕೈಯಿಂದ ತಿರುಗಿಸುವಾಗ ಅಷ್ಟಾಗದು. ಆದರೆ ಅದರಲ್ಲೊಂದು ಪಾಲು ದಿನವೂ ಬಡಿದರೆ ಬೆಸುಗೆ, ತಿರುವುಗಳು ಸಡಿಲವಾಗುತ್ತವೆ. ಕಾಲು ಸುತ್ತಿಗೇ ಮುಚ್ಚುವ ನಲ್ಲಿಗಳಲ್ಲಿ ಈ ತೊಂದರೆ ಹೆಚ್ಚು. ನಿಧಾನವಾಗಿ ಮುಚ್ಚುವುದು ಮೊದಲ ಪರಿಹಾರ. ಅಲುಗುವ ಕೊಳವೆಗೆ ಕ್ಲ್ಯಾಂಪು ಹಾಕಿಸುವುದು ಎರಡನೆಯದು.

ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಉಳಿದ ದೋಷಗಳೂ ತಿಳಿಯುತ್ತವೆ. ನಲ್ಲಿ ತೆರೆದಾಗ ಕೆಮ್ಮಿದಂತೆ ನೀರು ಉಗುಳಿದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಕೊಳವೆಗೆ, ವಾಲ್ವಿನ ನಂತರ, ಟ್ಯಾಂಕಿಗಿಂತ ಎತ್ತರಕ್ಕೆ ಗಾಳಿಕೊಳವೆ ಇಡಿಸಿ. ನೀರು ಹರಿಯುವಾಗ ‘ಗರ್ರ್’ ಎಂದರೆ ನಲ್ಲಿಯ ವಾಷರ್ ಸಡಿಲವಾಗಿರಬಹುದು, ಬದಲಿಸಿ. ‘ಸುಯ್’ ಎಂದರೆ ದಾರಿ ಕಿರಿದಾಗಿದೆ: ವಾಲ್ವ್ ಅರ್ಧ ಮುಚ್ಚಿರಬಹುದು, ಇಲ್ಲವೇ ಗಡಸುನೀರಿನ ಸುಣ್ಣ ಒಳಗೆ ಕಟ್ಟಿರಬಹುದು. ಪಂಪು ನಿಂತೊಡನೆ ಬಡಿದರೆ ನಾನ್-ರಿಟರ್ನ್ ವಾಲ್ವನ್ನು ಪರೀಕ್ಷಿಸಿ. ಬಿಸಿನೀರಿನ ಕೊಳವೆ ‘ಟಿಕ್ ಟಿಕ್’ ಎಂದರೆ ಅದು ಕಾದು ಹಿಗ್ಗಿ ಗೋಡೆಗೆ ಉಜ್ಜುತ್ತಿದೆ. ಜರುಗಲು ಸ್ವಲ್ಪ ಜಾಗ ಬಿಡಿಸಿದರಾಯಿತು.

ಒಂದು ಸದ್ದನ್ನು ಮಾತ್ರ ಅಲಕ್ಷಿಸಬಾರದು. ಬೀದಿಯ ನೀರು ನಿಂತ ಮೇಲೆ ನಲ್ಲಿ ತೆರೆದರೆ ಕೆಲವೊಮ್ಮೆ ಅದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿರುಕುಬಿಟ್ಟ ಕೊಳವೆ ಚರಂಡಿಯ ಬಳಿ ಹಾದುಹೋಗಿದ್ದರೆ, ಅದೇ ಸೆಳೆತಕ್ಕೆ ಕೊಳೆನೀರೂ ಒಳಬರುತ್ತದೆ. ಅಂಥ ಕೊಳವೆಯನ್ನು ತಡಮಾಡದೆ ಸರಿಪಡಿಸಿ. ಅಲ್ಲಿಯವರೆಗೆ, ನೀರು ಬಂದಾಗ ಮೊದಲ ಒಂದೆರಡು ಬಿಂದಿಗೆಯನ್ನು ಕುಡಿಯಲು ಹಿಡಿಯಬೇಡಿ. ಆಮೇಲಿನದನ್ನೂ ಕುದಿಸಿ ಆರಿಸಿಯೇ ಕುಡಿಯಿರಿ.

ಎಲ್ಲ ನಲ್ಲಿ ಮುಚ್ಚಿದ್ದರೂ ಸದ್ದಿದ್ದರೆ ಎಲ್ಲೋ ಸೋರುತ್ತಿದೆ. ರಾತ್ರಿ ಮಲಗುವ ಮುನ್ನ ಟ್ಯಾಂಕಿನ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಬೆಳಿಗ್ಗೆ ನೋಡಿ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 86,400 ಹನಿ!

ನಾಯಕನಹಟ್ಟಿಯ ಆ ಮನೆಯಲ್ಲೂ ಗುರುತು ಹಾಕಿದೆವು. ಬೆಳಗಾಗುವಷ್ಟರಲ್ಲಿ ನಾಲ್ಕು ಬೆರಳು ನೀರು ಇಳಿದಿತ್ತು. ಬಚ್ಚಲುಮನೆಯ ಗೋಡೆ ಅಗೆದಾಗ ಕೊಳವೆಯ ತಿರುವು ಬಿರುಕು ಬಿಟ್ಟಿದ್ದು ಕಂಡಿತು. “ಕೆರೆ ಏರಿ ಸೋರಿದ್ರೆ ಊರೆಲ್ಲ ಓಡ್ತಿದ್ವಿ. ಮನೇದು ಸೋರಿದ್ದೇ ಗೊತ್ತಾಗ್ಲಿಲ್ಲ” ಎಂದರು ಆ ಹಿರಿಯರು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ನಾಲ್ಕು ಬೆರಳು ನೀರು ಸಣ್ಣ ಲೆಕ್ಕವಲ್ಲ.