ಅಂಗಡಿಯಲ್ಲಿ ಸಿಗದ ವಾಷರ್

ನಟ್ಟಿನ ಕೆಳಗೆ ಕೂರುವ ವಾಷರ್‌ಗೂ ಕಟ್ಟುನಿಟ್ಟಾದ ಅಳತೆಯಿದೆ, ಗೊತ್ತೆ? 8 ಮಿ.ಮೀ. ಬೋಲ್ಟಿನ ಸಾಮಾನ್ಯ ವಾಷರ್‌ನ ತೂತು 8.4 ಮಿ.ಮೀ., ಹೊರವ್ಯಾಸ 16, ದಪ್ಪ 1.6. ಹಳೆಯ ಯಂತ್ರಕ್ಕೆ ಬೇರೆಯದೇ ಅಳತೆ ಬೇಕಾದಾಗ, ಮನೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡ ಹವ್ಯಾಸಿಗಳು ತಾವೇ ಮಾಡಿಕೊಳ್ಳುತ್ತಾರೆ.

ದಪ್ಪ ವಾಷರ್ ಸುಲಭ. ಲೋಹದ ಸರಳನ್ನು ಲೇತ್‌ನ ತಿರುಗುವ ಹಿಡಿಯಾದ ಚಕ್‌ಗೆ ಸಿಕ್ಕಿಸಿ, ನಡುವೆ ತೂತು ಕೊರೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರಾಯಿತು.

ನಿಜವಾದ ಕಸರತ್ತು ತೆಳು ತಗಡಿನದು. ಡ್ರಿಲ್ ಬಿಟ್ಟಿನ ಮೊನೆ ತಗಡನ್ನು ದಾಟಿದೊಡನೆ ಆಧಾರ ತಪ್ಪಿ, ದುಂಡಗಿರಬೇಕಾದ ತೂತು ಮುಕ್ಕೋನದಂತಾಗುತ್ತದೆ. ಅದಕ್ಕೇ ತಗಡನ್ನು ಎರಡು ಮರದ ತುಂಡುಗಳ ನಡುವೆ ಬಿಗಿದು ಕೊರೆಯುತ್ತಾರೆ. ಹೀಗೆ ತೂತು ಬಿದ್ದ ಹಲವಾರು ಚೌಕ ತುಂಡುಗಳನ್ನು ಒಂದೇ ಬೋಲ್ಟಿಗೆ ಪೋಣಿಸಿ, ನಟ್ಟು ಬಿಗಿದು ಲೇತ್‌ನಲ್ಲಿ ತಿರುಗಿಸಿದರೆ, ಇಡೀ ಸಾಲು ಒಂದೇ ವ್ಯಾಸಕ್ಕೆ ದುಂಡಗಾಗುತ್ತದೆ! ಮೊದಮೊದಲು ಮೂಲೆಗಳು ಉಳಿಗೆ ತಟತಟನೆ ಬಡಿಯುವುದರಿಂದ ತುಸುತುಸುವೇ ಕೆತ್ತಬೇಕು.

ದಪ್ಪ ಕಡಿಮೆ ಮಾಡಬೇಕಿದ್ದರೆ ಸೂಪರ್ ಗ್ಲೂ ನೆರವಿಗೆ ಬರುತ್ತದೆ. ಹಿಡಿಯಲು ಜಾಗವೇ ಇಲ್ಲದ ವಾಷರನ್ನು ಸಪಾಟಾದ ಲೋಹದ ಬಿಲ್ಲೆಗೆ ಅಂಟಿಸಿ ಮೈ ಕೆತ್ತುತ್ತಾರೆ. ಆಮೇಲೆ ಬಿಸಿ ಮಾಡಿದರೆ ಅಂಟು ಬಿಡುತ್ತದೆ. ಆಗೇಳುವ ಹೊಗೆ ಕಣ್ಣಿಗೆ ಕೆಟ್ಟದ್ದು, ಕಿಟಕಿ ತೆರೆದಿರಲೇಬೇಕು.

ಎಂಜಿನ್ನಿನ ಎಣ್ಣೆ ಸೋರದಂತೆ ತಡೆಯುವ ತಾಮ್ರದ ವಾಷರ್ ಬಿಗಿತಕ್ಕೆ ಸಿಕ್ಕಿ ಗಡಸಾಗುತ್ತದೆ. ಅದನ್ನು ಮಂಕುಗೆಂಪಾಗುವಷ್ಟು ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಇಂಗಾಲ ಹೆಚ್ಚಿರುವ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಆಗುವುದು ಇದಕ್ಕೆ ತದ್ವಿರುದ್ಧ: ಅದು ಗಾಜಿನಂತೆ ಗಡಸಾಗುತ್ತದೆ.