ಟೂಲಿನ ಒಕ್ಕಣೆ

ಭಾಷಾ ಮಾದರಿಯೆಂದು ಹೆಸರಾದ ಕೃತಕ ಬುದ್ಧಿಮತ್ತೆಗೆ ತಾನಾಗಿ ಮಾಡಬಲ್ಲ ಕಾರ್ಯ ಒಂದೇ: ಮುಂದಿಟ್ಟ ಪಠ್ಯವನ್ನು ಓದಿ ಅದಕ್ಕೆ ಮುಂದುವರಿಕೆಯಾದ ಪಠ್ಯವನ್ನು ಹೊಮ್ಮಿಸುವುದು. ರೈಲಿನ ವೇಳೆಯನ್ನು ಅದು ವಿಚಾರಿಸಲಾರದು, ಕಡತವನ್ನು ತೆರೆಯಲಾರದು. ಈ ಕೊರತೆಯನ್ನು ನೀಗುವ ಸಲುವಾಗಿ ಟೂಲ್‌ಗಳೆಂಬ ಸಣ್ಣ ಪ್ರೋಗ್ರಾಂಗಳನ್ನು ಅದಕ್ಕೆ ಜೋಡಿಸುವ ಪದ್ಧತಿ ಬೆಳೆಯಿತು. ಯೋಚನೆಯನ್ನೂ ಕ್ರಿಯೆಯನ್ನೂ ಒಂದರ ಬೆನ್ನಿಗೊಂದರಂತೆ ನಡೆಸುವ ಬಗೆಯನ್ನು 2022ರಲ್ಲಿ ಪ್ರಿನ್ಸ್‌ಟನ್ ಮತ್ತು ಗೂಗಲ್‌ನ ಸಂಶೋಧಕರು 'ರಿಯಾಕ್ಟ್' ಎಂಬ ಪ್ರಬಂಧದಲ್ಲಿ ತೋರಿಸಿದರು. 2023ರ ಜೂನಿನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಮಾದರಿಗಳಿಗೆ ಟೂಲುಗಳನ್ನು ಬಳಸುವ ಸೌಕರ್ಯವನ್ನು ಕೂಡಿಸಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ, ಯಾರ ಟೂಲನ್ನಾದರೂ ಯಾವ ಮಾದರಿಗಾದರೂ ಜೋಡಿಸಲು ಅನುವಾಗುವ ಎಂಸಿಪಿ ಎಂಬ ನಿಯಮಾವಳಿಯನ್ನು ಹೊರತಂದಿತು. ಟೂಲುಗಳನ್ನು ತಾನೇ ಆರಿಸಿ, ಬಳಸಿ, ಬಂದ ಫಲವನ್ನು ಕಂಡು ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ವ್ಯವಸ್ಥೆಗೆ ಈಗ ಏಜೆಂಟ್ ಎಂಬ ಹೆಸರು ನಿಂತಿದೆ.

ಈ ಏರ್ಪಾಡಿನಲ್ಲಿ ಸಾಮಾನ್ಯರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಟೂಲಿನ ಒಳಗಣ ಪ್ರೋಗ್ರಾಂ ಮಾದರಿಗೆ ಕಾಣುವುದೇ ಇಲ್ಲ. ಟೂಲಿನ ಹೆಸರು, ಅದರ ಪ್ರಯೋಜನವನ್ನು ತಿಳಿಸುವ ನಾಲ್ಕಾರು ವಾಕ್ಯ, ಅದಕ್ಕೆ ಒದಗಿಸಬೇಕಾದ ಮಾಹಿತಿಗಳ ಪಟ್ಟಿ, ಇಷ್ಟು ಮಾತ್ರವೇ ಬಳಕೆದಾರನ ಪ್ರಶ್ನೆಯೊಡನೆ ಪಠ್ಯರೂಪವಾಗಿ ಅದರ ಮುಂದೆ ಬರುತ್ತವೆ. ಅವನ್ನೋದಿ ಮಾದರಿಯು 'ಇಂಥ ಟೂಲನ್ನು ಇಂಥ ಮಾಹಿತಿಯೊಡನೆ ನಡೆಸು' ಎಂದು ಬರೆದುಕೊಡುತ್ತದೆ; ನಡೆಸುವುದು ಹೊರಗಿನ ಕಂಪ್ಯೂಟರಿನ ಕೆಲಸ. ಮನುಷ್ಯನಾದ ಪ್ರೋಗ್ರಾಮರನಾದರೋ, ವಿವರಣೆ ಅರೆಬರೆಯಾಗಿದ್ದರೆ ಒಳಗಿನ ಕೋಡನ್ನು ತೆರೆದು ನೋಡಿಯಾನು, ಪಕ್ಕದ ಮೇಜಿನವರನ್ನು ಕೇಳಿಯಾನು, ಹಿಂದಿನ ವಾರದ ಎಡವಟ್ಟನ್ನು ನೆನೆದು ಎಚ್ಚರವಹಿಸಿಯಾನು. ಮಾದರಿಗೆ ಈ ದಾರಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಆದಕಾರಣ, ಬರೆದವನಿಗೆ ಹೇಳಬೇಕಾದುದೇ ಇಲ್ಲವೆಂದು ತೋರಿದ ವಿಷಯವೇ ಇಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದ ವಿಷಯವಾಗುತ್ತದೆ.

ರೈಲುಗಳನ್ನು ಹುಡುಕುವ ಟೂಲೊಂದನ್ನು ಕಲ್ಪಿಸಿಕೊಳ್ಳೋಣ. 'ರೈಲು ಹುಡುಕುತ್ತದೆ' ಎಂಬುದಷ್ಟೇ ಅದರ ವಿವರಣೆ. ಕೊಡಬೇಕಾದ ಮಾಹಿತಿ ಎಲ್ಲಿಂದ, ಎಲ್ಲಿಗೆ, ಎಂದು. ನಾಳೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಯಾವ ಗಾಡಿಯಿದೆಯೆಂದು ಕೇಳಿದಾಗ ಏಜೆಂಟು 'ಬೆಂಗಳೂರು' ಎಂದೇ ಬರೆದು ಕಳುಹಿಸುತ್ತದೆ. ಒಳಗಿನ ಪ್ರೋಗ್ರಾಂ ಬಯಸುವುದೋ ರೈಲ್ವೆಯ ಸಂಕೇತಾಕ್ಷರಗಳನ್ನು: ನಗರದ ಮುಖ್ಯ ನಿಲ್ದಾಣವು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನು ಪಡೆದ ಮೇಲೂ ಅದರ ಸಂಕೇತ ಹಳೆಯ ಎಸ್‌ಬಿಸಿಯೇ, ಯಶವಂತಪುರದ್ದು ವೈಪಿಆರ್, ಹುಬ್ಬಳ್ಳಿಯದು ಯುಬಿಎಲ್. ಇನ್ನು 'ನಾಳೆ' ಎಂಬುದು ಯಾವ ದಿನ? ಇಂದಿನ ದಿನಾಂಕವನ್ನು ಯಾರಾದರೂ ತಿಳಿಸಿದ ಹೊರತು ಮಾದರಿ ಅದನ್ನು ಅರಿಯದು. ಅರಿತು 05-06 ಎಂದು ಬರೆದರೂ, ನಮ್ಮವರು ಅದನ್ನು ಜೂನ್ 5 ಎಂದು ಓದಿದರೆ ಅಮೆರಿಕದವರು ಮೇ 6 ಎಂದು ಓದುತ್ತಾರೆ. ಇಷ್ಟಾದ ಮೇಲೆ ಟೂಲು ದೋಷವನ್ನೇ ತಿಳಿಸದೆ ಬರಿದಾದ ಪಟ್ಟಿಯೊಂದನ್ನು ಹಿಂದಿರುಗಿಸಿತೆನ್ನಿ. ಏಜೆಂಟು 'ನಾಳೆ ಹುಬ್ಬಳ್ಳಿಗೆ ರೈಲೇ ಇಲ್ಲ' ಎಂದು ನಿಸ್ಸಂಕೋಚವಾಗಿ ಸಾರಿಬಿಡುತ್ತದೆ.

ಅದೇ ಟೂಲಿಗೆ ಹೀಗೊಂದು ಒಕ್ಕಣೆಯನ್ನು ಬರೆಯಬಹುದು: 'ಎರಡು ನಿಲ್ದಾಣಗಳ ನಡುವೆ ನಿಗದಿತ ದಿನದಂದು ಓಡುವ ಗಾಡಿಗಳ ಪಟ್ಟಿಯನ್ನು ಕೊಡುತ್ತದೆ. ನಿಲ್ದಾಣಗಳನ್ನು ಸಂಕೇತಾಕ್ಷರಗಳಲ್ಲಿ ಸೂಚಿಸಬೇಕು. ಊರಿನ ಹೆಸರಷ್ಟೇ ತಿಳಿದಿದ್ದರೆ ಮೊದಲು ನಿಲ್ದಾಣ ಹುಡುಕುವ ಟೂಲನ್ನು ಬಳಸಬೇಕು. ದಿನಾಂಕವು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರಬೇಕು, ಉದಾಹರಣೆಗೆ 2025-06-05. ಸೀಟು ಖಾಲಿಯಿದೆಯೇ ಎಂಬುದನ್ನು ಈ ಟೂಲು ಹೇಳುವುದಿಲ್ಲ.' ಕೊನೆಯ ವಾಕ್ಯವೇ ಇದರಲ್ಲಿ ಬಹು ಬೆಲೆಯುಳ್ಳದ್ದೆಂದು ನನ್ನ ಎಣಿಕೆ. ತನ್ನಿಂದ ಆಗದ್ದನ್ನು ಹೇಳಿಕೊಳ್ಳುವ ವಿವರಣೆಗಳು ವಿರಳ, ಮತ್ತು ಮಾದರಿಯ ಊಹೆಗಳು ಹೆಚ್ಚಾಗಿ ಹರಿಯುವುದು ಆ ಖಾಲಿ ಜಾಗದಲ್ಲಿಯೇ. ದೋಷ ಸಂಭವಿಸಿದಾಗಲೂ 'ಅಮಾನ್ಯ' ಎಂಬ ಒಂಟಿ ಪದಕ್ಕೆ ಬದಲಾಗಿ 'ಬೆಂಗಳೂರು ಎಂಬುದು ನಿಲ್ದಾಣದ ಸಂಕೇತವಲ್ಲ. ಎಸ್‌ಬಿಸಿ ಅಥವಾ ವೈಪಿಆರ್ ಆಗಬಹುದು' ಎಂದು ತಿಳಿಸಿದರೆ ಏಜೆಂಟು ತಾನೇ ತಿದ್ದಿಕೊಂಡು ಮುಂದುವರಿಯುತ್ತದೆ.

ಆಂಥ್ರೊಪಿಕ್‌ನ ಎಂಜಿನಿಯರರು ಪ್ರಕಟಿಸಿದ ಅನುಭವಗಳಲ್ಲಿ ಎರಡು ಇಲ್ಲಿ ಉಲ್ಲೇಖಾರ್ಹವಾಗಿವೆ. ಅವರು ಹುಡುಕಾಟದ ಟೂಲೊಂದನ್ನು ಕೊಟ್ಟಾಗ ಮಾದರಿಯು ಬೇಕಿಲ್ಲದಿದ್ದರೂ ಪ್ರಶ್ನೆಯ ಬಾಲಕ್ಕೆ '2025' ಎಂಬ ವರ್ಷವನ್ನು ಅಂಟಿಸಿ ಫಲಿತಾಂಶವನ್ನು ಕೆಡಿಸುತ್ತಿತ್ತು. ವಿವರಣೆಯನ್ನು ತಿದ್ದಿದುದರಿಂದಲೇ ಆ ಚಾಳಿ ಬಿಟ್ಟಿತು. ಇನ್ನೊಂದು ಪ್ರಸಂಗದಲ್ಲಿ, ಏಜೆಂಟು ಮೂಲ ಫೋಲ್ಡರಿನಿಂದ ಬೇರೆಡೆಗೆ ಸರಿದ ಮೇಲೆ, ತಾನಿರುವ ಜಾಗದಿಂದ ಅಳೆದು ಹೇಳುವ ಫೈಲಿನ ವಿಳಾಸಗಳನ್ನು ಮತ್ತೆಮತ್ತೆ ತಪ್ಪಾಗಿ ಬರೆಯುತ್ತಿತ್ತು. ಮೂಲದಿಂದ ಮೊದಲ್ಗೊಂಡ ಪೂರ್ಣ ವಿಳಾಸವನ್ನೇ ಕೊಡತಕ್ಕದ್ದೆಂದು ಟೂಲನ್ನು ಬದಲಾಯಿಸಿದೊಡನೆ ಆ ತಪ್ಪುಗಳು ನಿಂತವು. ಎಚ್ಚರಿಕೆಯ ವಾಕ್ಯವನ್ನು ಬರೆಯುವುದಕ್ಕಿಂತ, ತಪ್ಪಿಗೆ ಎಡೆಯೇ ಇಲ್ಲದಂತೆ ಟೂಲನ್ನು ರೂಪಿಸುವುದು ಮೇಲೆಂಬ ಪಕ್ಷಕ್ಕೆ ಇದು ಒಳ್ಳೆಯ ಸಾಕ್ಷಿ.

ಹಾಗೆಂದು ವಿವರಣೆಯನ್ನು ಮನಬಂದಂತೆ ಹಿಗ್ಗಿಸುವಂತೆಯೂ ಇಲ್ಲ. ಮಾದರಿಯು ಒಮ್ಮೆಗೆ ಗಮನದಲ್ಲಿಡಬಲ್ಲ ಪಠ್ಯಕ್ಕೆ ಮಿತಿಯುಂಟು. ಹತ್ತಾರು ಟೂಲುಗಳ ವಿವರಣೆಗಳೆಲ್ಲ ಅದೇ ಜಾಗವನ್ನು ಹಂಚಿಕೊಳ್ಳಬೇಕು, ಖರ್ಚೂ ಪಠ್ಯದ ಉದ್ದದೊಡನೆ ಏರುತ್ತದೆ.

ವಿವರಣೆಯನ್ನು ಮಾದರಿಯು ಆದೇಶದಂತೆ ಮನ್ನಿಸುವುದರಿಂದ ಹುಟ್ಟುವ ಅಪಾಯವೂ ಒಂದುಂಟು. 2025ರ ಏಪ್ರಿಲಿನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ, ಎರಡು ಸಂಖ್ಯೆಗಳನ್ನು ಕೂಡುವ ನಿರುಪದ್ರವಿ ಟೂಲಿನ ವಿವರಣೆಯೊಳಗೆ, ಬಳಕೆದಾರನ ಗುಪ್ತ ಕೀಲಿಗಳಿರುವ ಫೈಲನ್ನು ಓದಿ ಆ ಮಾಹಿತಿಯನ್ನು ಟೂಲಿಗೆ ಸಾಗಿಸಬೇಕೆಂಬ ಸೂಚನೆಯನ್ನು ಹುದುಗಿಸಿ, ಏಜೆಂಟು ಅದನ್ನು ಪಾಲಿಸಿದುದನ್ನು ತೋರಿಸಿಕೊಟ್ಟಿತು. ಬಳಕೆದಾರನ ಪರದೆಯ ಮೇಲೆ ಟೂಲಿನ ಸಂಕ್ಷಿಪ್ತ ಪರಿಚಯವಷ್ಟೇ ಕಾಣುತ್ತಿತ್ತು. ಮಾದರಿಯಾದರೋ ಆದ್ಯಂತವಾಗಿ ಎಲ್ಲವನ್ನೂ ಓದಿತ್ತು. ಆದ್ದರಿಂದ ವಿವರಣೆಯ ಪೂರ್ಣಪಾಠವನ್ನು ಬಳಕೆದಾರನಿಗೂ ತೋರಿಸಬೇಕೆಂದೂ, ಒಮ್ಮೆ ಒಪ್ಪಿಗೆ ಪಡೆದ ಮೇಲೆ ಅದರಲ್ಲಿ ಬದಲಾವಣೆಯಾದರೆ ಮತ್ತೆ ಒಪ್ಪಿಗೆಯನ್ನು ಕೇಳಬೇಕೆಂದೂ ಭದ್ರತಾ ತಜ್ಞರು ಒತ್ತಾಯಿಸುತ್ತಾರೆ.